ತಲೆಕೆಳಗಾಗಿ ಸುತ್ತುವ ಸೊಪ್ಪಿನ ತೋಟ: ನನ್ನ ಅನುಭವ

ಮಣ್ಣಿಲ್ಲದೆ, ಗೊಬ್ಬರ ಬೆರೆಸಿದ ನೀರಿನಲ್ಲಿ ಸೊಪ್ಪು ಬೆಳೆಯಲು ನಾನು ಕಟ್ಟಿದ, ನಿಧಾನವಾಗಿ ಸುತ್ತುವ ಈ ಚಕ್ರವನ್ನು ಮಾವನವರು ಮೊದಲ ಸಲ ನೋಡಿದಾಗ, "ಏನು ಅಳಿಯಂದಿರೇ, ಗಿಡಕ್ಕೆ ತಲೆಸುತ್ತು ಬರೋದಿಲ್ವೇ?" ಎಂದು ಕೇಳಿದ್ದರು. ತಾರಸಿಯ ಮೇಲೆ ಎನ್‌ಎಫ್‌ಟಿ ಪೈಪುಗಳಲ್ಲಿ (ಗೊಬ್ಬರದ ನೀರು ತೆಳುವಾಗಿ ಹರಿಯುತ್ತಿರುವ ಪೈಪುಗಳು) ವರ್ಷಗಳಿಂದ ಸೊಪ್ಪು ಬೆಳೆಯುತ್ತಿರುವ ಗೆಳೆಯರೊಬ್ಬರು, ಇದು ಜಾತ್ರೆಯ ತೊಟ್ಟಿಲಾಗುತ್ತದೆಯೇ ಹೊರತು ತೋಟವಾಗುವುದಿಲ್ಲ ಎಂದುಬಿಟ್ಟಿದ್ದರು. ಎಂಟು ತಿಂಗಳಿಂದ ಅವರ ಮನೆಗೂ ನನ್ನ ಲೆಟ್ಯೂಸ್ ಹೋಗುತ್ತಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಬೆಂಗಳೂರಿನ ನಮ್ಮ ಮನೆಯ ಬಾಲ್ಕನಿಗೆ ಬಿಸಿಲು ಬರುವುದಿಲ್ಲ. ಗುಜರಿಯಲ್ಲಿ ಜೋಡಿಗೆ ಮುನ್ನೂರು ರೂಪಾಯಿಯಂತೆ ಸಿಕ್ಕ 26 ಇಂಚಿನ ಎರಡು ಸೈಕಲ್ ರಿಮ್‌ಗಳ ನಡುವೆ ಎರಡಡಿ ಉದ್ದದ 12 ಪಿವಿಸಿ ಪೈಪುಗಳನ್ನು ಬಿಗಿದು, ಪ್ರತಿ ಪೈಪಿನ ಒಳಮುಖಕ್ಕೆ, ಅಂದರೆ ಚಕ್ರದ ನಡುವಿನ ಕಡೆಗೆ, ನಾಲ್ಕು ರಂಧ್ರಗಳನ್ನೂ ಹೊರಮುಖಕ್ಕೆ ನೀರು ನುಗ್ಗುವಂತೆ ಸೀಳುಗಳನ್ನೂ ಕೊರೆದೆ. ಅಲ್ಲಿಗೆ 48 ಗಿಡ. ರಿಮ್‌ಗಳು ನಾಲ್ಕು ಉರುಳೆಗಳ ಮೇಲೆ ಕೂತಿರುವುದರಿಂದ ನಡುವೆ ಅಚ್ಚು ಬೇಕಿಲ್ಲ. ಆ ಖಾಲಿ ಜಾಗದಲ್ಲಿ 20 ವ್ಯಾಟಿನ ಎರಡು ಎಲ್‌ಇಡಿ ಟ್ಯೂಬ್‌ಗಳು ಅಲುಗಾಡದೆ ನಿಂತಿವೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಿಂದ ತಂದ, ನಿಮಿಷಕ್ಕೆ ಒಂದೇ ಸುತ್ತು ಹಾಕುವ ಸಿಂಕ್ರೊನಸ್ (ಒಂದೇ ವೇಗದಲ್ಲಿ ತಿರುಗುವ) ಮೋಟಾರಿನ ಸಣ್ಣ ರಾಟೆಯಿಂದ ರಿಮ್ಮಿಗೆ ಹಗ್ಗ ಹಾಕಿದರೆ, ಅರ್ಧ ಗಂಟೆಗೊಮ್ಮೆ ಪ್ರತಿ ಪೈಪೂ ಕೆಳಗಿನ ಗೊಬ್ಬರದ ನೀರಿನ ತೊಟ್ಟಿಯಲ್ಲಿ ಮುಳುಗೆದ್ದು ಹೋಗುತ್ತದೆ.

ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಮೊದಲ ರಾತ್ರಿ ಎರಡು ಗಂಟೆಯ ಹೊತ್ತಿಗೆ ಟಪ್ ಟಪ್ ಎಂಬ ಸದ್ದಿಗೆ ಎದ್ದು ನೋಡಿದರೆ, ಮೇಲಕ್ಕೆ ಬಂದು ತಲೆಕೆಳಗಾದ ನೆಟ್ ಪಾಟ್‌ಗಳಿಂದ (ಸಸಿ ಕೂರಿಸುವ ಜಾಲರಿ ಕುಂಡಗಳಿಂದ) ಬೇರಿಗೆ ಆಧಾರವಾಗಿ ಹಾಕಿದ್ದ ಸುಟ್ಟ ಮಣ್ಣಿನ ಗುಂಡುಗಳು ಸಸಿಸಮೇತ ಟ್ಯೂಬಿನ ಮೇಲೆ ಉದುರುತ್ತಿದ್ದವು. ಗುಂಡುಗಳನ್ನು ಬಿಟ್ಟು, ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿದೆ. ಪಂಚೆ ಮೂರೇ ವಾರಕ್ಕೆ ಕೊಳೆಯಿತು. ಈಗ ಬಳಸುತ್ತಿರುವುದು ಪಾಲಿಯೆಸ್ಟರ್ ಫೆಲ್ಟ್ ಎಂಬ ದಪ್ಪ ಬಟ್ಟೆ. ಸಸಿಗೆ ಮೂರನೆಯ ಎಲೆ ಬಂದು, ಬೇರು ಫೆಲ್ಟನ್ನು ಹಿಡಿಯುವವರೆಗೆ ಚಕ್ರಕ್ಕೆ ಏರಿಸುವುದಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಯುಗಾದಿಗೆ ಊರಿಗೆ ಹೋದಾಗ. ಒಂದು ಬದಿಯ ಗಿಡಗಳು ಬೇಗ ಬಲಿತು ಚಕ್ರ ಒಂದೇ ಕಡೆಗೆ ವಾಲಿದೆ, ಹಗ್ಗ ಜಾರಿದೆ, ಭಾರದ ಬದಿ ನಾಲ್ಕು ದಿನ ತೊಟ್ಟಿಯಲ್ಲೇ ನಿಂತಿದೆ. ಬಾಗಿಲು ತೆಗೆದರೆ ಕೆಳಗಿನ ಬೇರುಗಳು ಕಂದಾಗಿ ನಾರುತ್ತಿದ್ದವು, ಮೇಲಿನವು ಹಪ್ಪಳದಂತೆ ಒಣಗಿದ್ದವು. ಆ ಹೊತ್ತಿಗೆ ನಾಲ್ಕೈದು ಸಾವಿರ ನೀರಿಗೆ ಹಾಕಿದಂತಾಗಿತ್ತು, ಮನೆಯವರ ಮೌನ ಬೇರೆ. ತಿಂಗಳುಗಟ್ಟಲೆ ಗೊಬ್ಬರದ ಪಾಕವನ್ನು ತಿದ್ದುತ್ತಿದ್ದ ನಾನು ಆಗಲೇ ಅದನ್ನು ಬಿಟ್ಟು ಭಾರದ ಕಡೆಗೆ ಗಮನ ಕೊಟ್ಟದ್ದು. ಈಗ ಎದುರುಬದುರಿನ ಎರಡು ಪೈಪುಗಳಿಗೆ ಒಂದೇ ದಿನ ಸಸಿ ಹಾಕುತ್ತೇನೆ, ಒಂದೇ ದಿನ ಕೊಯ್ಯುತ್ತೇನೆ. ಹೀಗೆ ಆರು ಜೋಡಿ, ಆರು ವಾರ. ವಾರಕ್ಕೆ ಎಂಟು ಗಿಡದಿಂದ ಸುಮಾರು ಆರುನೂರು, ಏಳುನೂರು ಗ್ರಾಂ. ಉಳಿದ ಅಲ್ಪಸ್ವಲ್ಪ ವ್ಯತ್ಯಾಸಕ್ಕೆ ಪೈಪಿನ ತುದಿಯಲ್ಲಿ ನಟ್ಟುಗಳನ್ನು ತುರುಕುತ್ತೇನೆ. ಹಗ್ಗ ಒದ್ದೆಯಾದರೂ ಜಾರದಂತೆ ಅದಕ್ಕೆ ಏನು ಸವರುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕಾಗಿ ನಾನು ಐದು ಹಗ್ಗಗಳನ್ನು ಹಾಳು ಮಾಡಿದ್ದೇನೆ.

ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಾಂಶ) ಒಂಬೈನೂರರ ಹತ್ತಿರ ಇರುವುದರಿಂದ ಮುಕ್ಕಾಲು ಭಾಗ ಆರ್‌ಒ ಯಂತ್ರದಲ್ಲಿ ಶೋಧಿಸಿದ ನೀರನ್ನು ಬೆರೆಸುತ್ತೇನೆ. ಪಾಕ ಎಷ್ಟು ಗಟ್ಟಿ ಎಂದು ತೋರಿಸುವ ಇಸಿ 1.4ರ ಆಸುಪಾಸು, ಹುಳಿಯ ಅಳತೆಯಾದ ಪಿಎಚ್ 6 ಇದ್ದರೆ ಲೆಟ್ಯೂಸಿಗೆ ಸಾಕು. ದೀಪ ದಿನಕ್ಕೆ 14 ಗಂಟೆ ಉರಿದರೂ ಮೋಟಾರು ಸೇರಿ ತಿಂಗಳಿಗೆ 20 ಯೂನಿಟ್ ಆಗಬಹುದು. ಸೋತ ಪ್ರಯೋಗಗಳನ್ನೂ ಸೇರಿಸಿದರೆ ಒಟ್ಟು ಖರ್ಚು ಒಂಬತ್ತು ಸಾವಿರ ದಾಟಿದೆ. ಇಂದು ಹೊಸದಾಗಿ ಕಟ್ಟಿದರೆ ಐದರೊಳಗೆ ಮುಗಿಸುತ್ತೇನೆ.

ನಡುವೆ ದೊಡ್ಡಪತ್ರೆಯನ್ನೂ ಹಾಕಿ ನೋಡಿದೆ. ರಸಭರಿತ ಕಾಂಡ ತನ್ನ ಭಾರಕ್ಕೆ ತಾನೇ ಮುರಿಯಿತು. ಒಂದೆಲಗ ಮಾತ್ರ ಪೈಪಿನಿಂದ ಪೈಪಿಗೆ ಹಬ್ಬಿ, ತಂಬುಳಿಗೆ ಕಿತ್ತಷ್ಟೂ ಚಿಗುರಿತು, ಆದರೆ ಅದರ ಬಳ್ಳಿ ಉರುಳೆಗೆ ಸಿಕ್ಕಿ ಚಕ್ರವನ್ನೇ ನಿಲ್ಲಿಸಿದ್ದರಿಂದ ಈಗ ಅದಕ್ಕೆ ನಡುವಿನ ಎರಡು ರಂಧ್ರಗಳನ್ನಷ್ಟೇ ಕೊಟ್ಟು ವಾರಕ್ಕೊಮ್ಮೆ ಕತ್ತರಿ ಆಡಿಸುತ್ತಿದ್ದೇನೆ.