1651ರ ಪುಟದಿಂದ ಒಂದು ಕುಣಿತ ಎಬ್ಬಿಸಿದ ಬಗೆ

ಜಾನ್ ಪ್ಲೇಫರ್ಡ್ 1651ರಲ್ಲಿ ಲಂಡನ್ನಿನಲ್ಲಿ ಹೊರತಂದ ‘ದಿ ಇಂಗ್ಲಿಷ್ ಡ್ಯಾನ್ಸಿಂಗ್ ಮಾಸ್ಟರ್’ ತೆರೆದರೆ ಮೇಲೆ ಧಾಟಿಯ ಸ್ವರಗಳು, ಕೆಳಗೆ ನಾಲ್ಕಾರು ಸಾಲು ಸೂಚನೆ, ಅಷ್ಟೇ. ಗಂಡಸಿಗೆ ಚಂದ್ರನ ಗುರುತು, ಹೆಂಗಸಿಗೆ ಸೂರ್ಯನ ಗುರುತು. ಕೊಳ್ಳುವವರಿಗೆ ಕುಣಿತ ಮೊದಲೇ ಬರುತ್ತದೆ ಎಂದುಕೊಂಡು ಬರೆದ ಪುಸ್ತಕ. ಹಾಗಾಗಿ ನಮಗೆ ಬೇಕಾದದ್ದೇ ಅದರಲ್ಲಿಲ್ಲ.

ನಾನು ಆರಿಸಿಕೊಂಡದ್ದು ‘ಗ್ಯಾದರಿಂಗ್ ಪೀಸ್‌ಕಾಡ್ಸ್’. ಎಷ್ಟು ಜೋಡಿ ಬಂದರೂ ಸೇರಿಸಿಕೊಳ್ಳುವ ವೃತ್ತನೃತ್ಯವಾದ್ದರಿಂದ ಅಭ್ಯಾಸಕ್ಕೆ ಯಾರು ತಪ್ಪಿಸಿಕೊಂಡರೂ ಕೆಲಸ ನಿಲ್ಲುವುದಿಲ್ಲ.

ಧಾಟಿ ಬಾಯಿಗೆ ಬರುವವರೆಗೆ ನಾನು ಹೆಜ್ಜೆಗೆ ಕೈ ಹಾಕುವುದಿಲ್ಲ. ಇದರ ಧಾಟಿಗೆ ಮೂರು ಭಾಗ, ಪ್ರತಿಯೊಂದನ್ನೂ ಎರಡು ಸಲ ನುಡಿಸಬೇಕು. ಗೆರೆ ಹಾಕಿದ ಹಾಳೆಯಲ್ಲಿ ಒಂದು ಕಡೆ ಸಂಗೀತದ ಎಣಿಕೆ, ಇನ್ನೊಂದು ಕಡೆ ಆಗ ಯಾರು ಚಲಿಸಬೇಕು ಎಂದು ಬರೆಯುತ್ತಾ ಹೋದೆ. ಮೊದಲ ಭಾಗದಲ್ಲಿ ಎಲ್ಲರೂ ಎರಡು ‘ಡಬಲ್’ ಸುತ್ತಿ, ನಿಂತಲ್ಲೇ ಒಂದು ತಿರುವು ತಿರುಗಿ, ಅದನ್ನೇ ಹಿಮ್ಮುಖವಾಗಿ ಮಾಡಬೇಕು. ಡಬಲ್ ಎಂದರೆ ಪಾದ ಜೋಡಿಸಿ ಮುಗಿಸುವ ನಾಲ್ಕು ಹೆಜ್ಜೆ ಎಂದು ಪ್ಲೇಫರ್ಡೇ ಹೇಳುತ್ತಾನೆ. ಎರಡು ಡಬಲ್‌ಗೆ ಎಂಟು, ತಿರುವಿಗೆ ನಾಲ್ಕು. ಧಾಟಿಯ ಮೊದಲ ಭಾಗವೂ ಹನ್ನೆರಡು ಎಣಿಕೆಯದ್ದೇ.

ಲೆಕ್ಕ ಕೂಡಿತು, ಆದರೆ ಪಾದ ಹೇಗಿಡಬೇಕು? 20ನೆಯ ಶತಮಾನದ ಆರಂಭದಲ್ಲಿ ಈ ನೃತ್ಯಗಳಿಗೆ ಮರುಜೀವ ಕೊಟ್ಟ ಸೆಸಿಲ್ ಶಾರ್ಪ್ ಇಲ್ಲಿ ಪಕ್ಕಕ್ಕೆ ಜಾರುತ್ತಾ ಸಾಗುವ ಹೆಜ್ಜೆ ಹಾಕಿಸಿದ. ಅದಕ್ಕಿಂತ ಹಿಂದಕ್ಕೆ ಹೋದರೆ ಫ್ರಾನ್ಸಿನ ಲಾಂಗ್ರ್‌ನ ಪಾದ್ರಿ ತ್ವಾನೊ ಆರ್ಬೋ ಇದ್ದಾನೆ. 1589ರ ತನ್ನ ಪುಸ್ತಕದಲ್ಲಿ ಒಂದೊಂದು ಸ್ವರದ ಎದುರಿಗೂ ಆಗ ಇಡಬೇಕಾದ ಹೆಜ್ಜೆಯನ್ನು ಬರೆದಿಟ್ಟ ಪುಣ್ಯಾತ್ಮ. ಆದರೆ ದೇಶ ಬೇರೆ, ನಡುವೆ ಅರವತ್ತಕ್ಕೂ ಹೆಚ್ಚು ವರ್ಷ. ಅವನು ವಿವರಿಸುವ ಬ್ರಾನ್ಲ್ ಎಂಬ ಫ್ರೆಂಚ್ ಗುಂಪುನೃತ್ಯದಿಂದ ಪಾದ ಜೋಡಿಸುವ ಶಿಸ್ತನ್ನಷ್ಟೇ ತೆಗೆದುಕೊಂಡೆ. ಜಾರುಹೆಜ್ಜೆ ನೋಡಲು ಹುರುಪಿನದು, ನಿಜ. ಆದರೆ ಪುಟದಲ್ಲಿ ಡಬಲ್ ಎಂದಿರುವಾಗ ಡಬಲನ್ನೇ ಹಾಕಿಸಿದೆ. ಪಾದ ಜೋಡಿ ನಿಂತಿರುವುದರಿಂದ ತಿರುವೂ ಒಟ್ಟಿಗೆ ಶುರುವಾಗುತ್ತದೆ.

ಈ ನೃತ್ಯದ ಜೀವ ಇರುವುದು ಮೂರನೆಯ ಭಾಗದಲ್ಲಿ. ಗಂಡಸರು ನಡುವಿಗೆ ಬಂದು ಚಪ್ಪಾಳೆ ತಟ್ಟುತ್ತಾರೆ. ಅವರು ಹಿಂದೆ ಸರಿಯುತ್ತಿರುವಾಗಲೇ ಹೆಂಗಸರು ಒಳಗೆ ಬಂದು ತಟ್ಟಬೇಕು. ಹೆಂಗಸರು ಸರಿಯುವಾಗ ಗಂಡಸರು ಮತ್ತೆ ಬಂದು, ತಿರುಗುತ್ತಾ ಸ್ವಸ್ಥಾನಕ್ಕೆ. ಮರಳಿ ನುಡಿಸುವಾಗ ಹೆಂಗಸರದ್ದು ಮೊದಲು. ಹದಿನಾರು ಎಣಿಕೆಯಲ್ಲಿ ಇದಿಷ್ಟೂ ಮುಗಿಯಬೇಕಾದರೆ ಒಬ್ಬರಿಗೊಬ್ಬರು ದಾರಿ ಬಿಟ್ಟು ಕಾಯುವಂತಿಲ್ಲ. ನಮ್ಮವರು ಮರ್ಯಾದಸ್ಥರು, ಕಾಯುತ್ತಿದ್ದರು! ಭುಜಕ್ಕೆ ಭುಜ ತಾಗದಂತೆ ನುಸುಳುವುದನ್ನು ಸಂಗೀತವಿಲ್ಲದೆ, ನಿಧಾನವಾಗಿ ಅಭ್ಯಾಸ ಮಾಡಿಸಿದ ಮೇಲೆ ಸುಲಭವಾಯಿತು. ಚಪ್ಪಾಳೆ ಯಾವ ಎಣಿಕೆಗೆ ಎಂದು ಪುಟ ಹೇಳುವುದಿಲ್ಲ. ಪಾದ ಜೋಡುವ ನಾಲ್ಕನೆಯದಕ್ಕೆ ಇಟ್ಟುಕೊಂಡೆವು.

ಜೋಡಿಯ ಇಬ್ಬರೂ ಪರಸ್ಪರ ಪಕ್ಕಕ್ಕೆ ಬರಬೇಕೆನ್ನುವ ‘ಸೈಡ್’ ಎಂಬ ಸೂಚನೆಯ ವಿಷಯದಲ್ಲಿ ಇಂದಿಗೂ ವಾದ ನಿಂತಿಲ್ಲ. ಶಾರ್ಪ್ ಜೋಡಿಯ ಇಬ್ಬರನ್ನೂ ಬಾಗಿದ ದಾರಿಯಲ್ಲಿ ಸುತ್ತಿಸಿ ಜಾಗ ಬದಲಿಸುತ್ತಾನೆ. ಮುಂದೆ ನೃತ್ಯಶಿಕ್ಷಕ ಪ್ಯಾಟ್ ಶಾ, ಇಬ್ಬರೂ ಮುಂದೆ ಬಂದು ಭುಜ ಸಮವಾಗಿ ನಿಂತು ಹಿಂದಕ್ಕೆ ಸರಿಯುವ ರೀತಿಯನ್ನು ಮುಂದಿಟ್ಟ. ನನಗೆ ಎರಡನೆಯದೇ ಸರಿ, ಏಕೆಂದರೆ ಅದು ಒಂದು ಡಬಲ್ ಮುಂದೆ, ಒಂದು ಡಬಲ್ ಹಿಂದೆ, ಉಳಿದ ನೃತ್ಯದ ಜಾಯಮಾನದ್ದೇ. ಶಾರ್ಪ್‌ನದು ಚೆಂದವೆಂದು ಗುಂಪಿನಲ್ಲಿ ಕೆಲವರಿಗೆ ಇನ್ನೂ ಮುನಿಸಿದೆ.

ರಬ್ಬರ್ ಅಟ್ಟೆಯ ಬೂಟು ಬೇಡ, ತಿರುವಿನಲ್ಲಿ ನೆಲ ಹಿಡಿಯುತ್ತದೆ. ತೆಳು ಚರ್ಮದ್ದು ಒಳ್ಳೆಯದು. ಉದ್ದ ಲಂಗವನ್ನು ಅಭ್ಯಾಸದಲ್ಲೇ ಉಡಿ, ಹೆಜ್ಜೆ ಎಷ್ಟು ಕಿರಿದಾಗುತ್ತದೆ ಎಂದು ಆಗ ಗೊತ್ತಾಗುತ್ತದೆ.

ಹಾಳೆಯಲ್ಲಿ ಈಗ ಮೂರು ಬಣ್ಣಗಳಿವೆ: ಪ್ಲೇಫರ್ಡ್ ಬರೆದದ್ದು ಕಪ್ಪು, ಬೇರೆ ಪುಸ್ತಕಗಳಿಂದ ತಂದದ್ದು ನೀಲಿ, ನನ್ನ ಊಹೆ ಕೆಂಪು. ಕುಣಿಯುವವರಿಗೂ ವಾದ್ಯದವರಿಗೂ ಅದೇ ಹಾಳೆ ಕೊಡುತ್ತೇನೆ. ಕೆಂಪೇ ಹೆಚ್ಚಾಗಿ ಕಂಡ ನೃತ್ಯಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ.