ಹಳೆ ಚಮಚ ಬೆಳ್ಳಿಯದಾ, ಬರೀ ಲೇಪನವಾ?

ಹಳೆ ಬ್ರಿಟಿಷ್ ಚಮಚ, ಫೋರ್ಕ್ ಕೈಗೆ ಸಿಕ್ಕರೆ ದಯವಿಟ್ಟು ಮೊದಲೇ ಪಾಲಿಶ್ ಹಾಕಿ ತಿಕ್ಕಬೇಡಿ. ಮುದ್ರೆ ಸವೆದರೆ ವಯಸ್ಸು ಹೇಳುವ ಗುರುತೇ ಹೋಗುತ್ತದೆ, ಅಲ್ವಾ?

ಹಿಡಿಯ ಹಿಂಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಕಾಲೆತ್ತಿ ನಡೆಯುವ ಸಿಂಹ ಇದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಬೆಳ್ಳಿ ಪರೀಕ್ಷಿಸಿ ಮುದ್ರೆ ಹಾಕಿದ ಊರಿಗೂ ಗುರುತಿದೆ: ಲಂಗರು ಬರ್ಮಿಂಗ್‌ಹ್ಯಾಮ್‌ನದು, ಚಿರತೆ ತಲೆ ಲಂಡನ್‌ನದು. ರಾಜ ಅಥವಾ ರಾಣಿಯ ತಲೆಯೂ ಇದ್ದರೆ ಹೆಚ್ಚಾಗಿ 1784ರಿಂದ 1890ರ ನಡುವಿನದು. ಸರಿಯಾದ ವರ್ಷಕ್ಕೆ, ವರ್ಷ ಸೂಚಿಸುವ ಒಂಟಿ ಅಕ್ಷರ ಹುಡುಕಿ ಮುದ್ರೆಗಳ ಪಟ್ಟಿಯ ಜೊತೆ ಹೋಲಿಸಿ, ಆದರೆ ಅದೇ ಅಕ್ಷರ ಮತ್ತೆ ಮತ್ತೆ ಬರುವುದರಿಂದ ಅಕ್ಷರದ ಶೈಲಿ, ಸುತ್ತಲಿನ ಚೌಕಟ್ಟಿನ ಆಕಾರ, ಊರಿನ ಗುರುತು ಮೂರೂ ಹೊಂದಬೇಕು, ಜಾಸ್ತಿ ಜನ ತಪ್ಪುವುದು ಇಲ್ಲೇ.

ಇ.ಪಿ.ಎನ್.ಎಸ್. (EPNS) ಅಂತಿದ್ದರೆ ನಿಕಲ್ ಮಿಶ್ರಲೋಹದ ಮೇಲೆ ಬೆಳ್ಳಿ ಲೇಪನ. ಬರ್ಮಿಂಗ್‌ಹ್ಯಾಮ್‌ನ ತಯಾರಕರಾದ ಎಲ್ಕಿಂಗ್ಟನ್ ಅವರ ವಿದ್ಯುತ್ ಲೇಪನದ ಪೇಟೆಂಟ್ ಬಂದಿದ್ದೇ 1840ರಲ್ಲಿ, ಅದಕ್ಕಿಂತ ಹಳೆಯದು ಅಂತ ಯಾರಾದರೂ ಮಾರಿದರೆ ನಂಬಬೇಡಿ.