ಸೀರೆ ಫೋಟೊ ಗಿರಾಕಿಗಳಿಗೆ ಕಳಿಸುವಾಗ

ಇಳಕಲ್ ಸೀರೆ, ಗುಳೇದಗುಡ್ಡ ಖಣ ಮಾರುವ ಅಕ್ಕಂದಿರೇ, ವಾಟ್ಸಾಪ್ ಸ್ಟೇಟಸ್ ಒಂದನ್ನೇ ನಂಬಬೇಡಿ. ಅದು 24 ಗಂಟೆಯಲ್ಲಿ ಮಾಯವಾಗುತ್ತದೆ. ಗ್ರೂಪ್ ಮಾಡಿದರೆ ಗಿರಾಕಿಗಳ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಅದು ಸುಮ್ನೆ ಕಿರಿಕಿರಿ, ಅಲ್ವಾ? ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದು ಲಿಸ್ಟಿಗೆ 256 ಜನರವರೆಗೆ ಸೇರಿಸಬಹುದು. ಮೆಸೇಜ್ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುತ್ತದೆ, ಉತ್ತರ ನಿಮಗೆ ಮಾತ್ರ ಬರುತ್ತದೆ. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ಮುಟ್ಟುವುದು. ಹಾಗಾಗಿ ಸೀರೆ ಕೈಗೆ ಕೊಡುವಾಗಲೇ ಸೇವ್ ಮಾಡಿಸಿಬಿಡಿ, ಇದನ್ನು ಮಾತ್ರ ಮರೆಯಬೇಡಿ.

ಇನ್ನು ಫೋಟೊ. ಮಾಮೂಲಿಯಾಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಸೆರಗಿನ ನೇಯ್ಗೆ ಮಸುಕಾಗುತ್ತದೆ. ಕಸೂತಿ ಇದ್ದರಂತೂ ಎಳೆಯೇ ಕಾಣುವುದಿಲ್ಲ. ಎಚ್‌ಡಿ ಒತ್ತಿ ಕಳಿಸಿ. ಜಾಸ್ತಿ ಸ್ಪಷ್ಟ ಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸಿ, ತೆಗೆದ ಫೋಟೊ ಹಾಗೇ ಹೋಗುತ್ತದೆ.